ತಲುಪದ ನೇಮಕಪತ್ರ, ಬೆಳೆದ ನ್ಯಾಯಾಲಯ



ಅಮೆರಿಕದ ರಾಜ್ಯಾಡಳಿತವನ್ನು ಅಭ್ಯಾಸ ಮಾಡುವವರು ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಎಂಬ ಮೂರು ಅಂಗಗಳಿಂದ ಪಾಠ ಆರಂಭಿಸುವುದು ವಾಡಿಕೆ. ಶಾಸಕಾಂಗದ ಕೈಯಲ್ಲಿ ಖಜಾನೆಯಿದೆ, ಕಾರ್ಯಾಂಗದ ಕೈಯಲ್ಲಿ ಸೈನ್ಯವಿದೆ. ನ್ಯಾಯಾಂಗದ ಬಳಿ ತೀರ್ಪಿನ ಹೊರತು ಬೇರೆ ಬಲವಿಲ್ಲವೆಂದು ಅಲೆಕ್ಸಾಂಡರ್ ಹ್ಯಾಮಿಲ್ಟನ್ 1788ರಲ್ಲೇ ಬರೆದಿದ್ದರು. ಹಾಗಿದ್ದರೆ ಪ್ರಬಲರಾದ ಅಧ್ಯಕ್ಷರೂ ಕಾಂಗ್ರೆಸ್ಸೂ ಆ ತೀರ್ಪಿಗೆ ಏಕೆ ತಲೆಬಾಗಬೇಕು? ಈ ಪ್ರಶ್ನೆಗೆ ಉತ್ತರ ಹುಡುಕಲು ನಾವು 1801ನೆಯ ಇಸವಿಗೆ ಹೋಗಬೇಕು.

1800ರ ಚುನಾವಣೆಯಲ್ಲಿ ಅಧ್ಯಕ್ಷ ಜಾನ್ ಆಡಮ್ಸ್ ಸೋತರು. ಅವರ ಎದುರಾಳಿ ಥಾಮಸ್ ಜೆಫರ್‌ಸನ್ 1801ರ ಮಾರ್ಚ್ 4ರಂದು ಅಧಿಕಾರ ವಹಿಸಿಕೊಳ್ಳುವವರಿದ್ದರು. ನ್ಯಾಯಾಂಗದಲ್ಲಾದರೂ ತಮ್ಮ ಫೆಡರಲಿಸ್ಟ್ ಪಕ್ಷದವರು ಉಳಿಯಲೆಂದು ಆಡಮ್ಸ್ ಕೊನೆಯ ದಿನಗಳಲ್ಲಿ ಅವಸರದ ನೇಮಕಗಳನ್ನು ಮಾಡಿದರು. ರಾಜಧಾನಿಯ ಪ್ರದೇಶಕ್ಕಾಗಿಯೇ 42 ಮಂದಿ ಕೆಳಹಂತದ ನ್ಯಾಯಾಧಿಕಾರಿಗಳು ನೇಮಕಗೊಂಡರು. ಮಾರ್ಚ್ 3ರಂದು ಸೆನೆಟ್ ಒಪ್ಪಿಗೆ ನೀಡಿತು. ಅಧ್ಯಕ್ಷರು ಸಹಿ ಹಾಕಿದರು. ಮೊಹರು ಒತ್ತಿ ಪತ್ರಗಳನ್ನು ತಲುಪಿಸುವುದು ವಿದೇಶಾಂಗ ಕಾರ್ಯದರ್ಶಿ ಜಾನ್ ಮಾರ್ಷಲ್ ಅವರ ಹೊಣೆ. ಅವರು ಒಂದು ತಿಂಗಳ ಹಿಂದಷ್ಟೇ ಸರ್ವೋಚ್ಚ ನ್ಯಾಯಾಲಯದ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದರು! ಗಡಿಬಿಡಿಯಲ್ಲಿ ಕೆಲವು ಪತ್ರಗಳು ಕಚೇರಿಯಲ್ಲೇ ಉಳಿದವು. ಅವುಗಳನ್ನು ಕೊಡಕೂಡದೆಂದು ಜೆಫರ್‌ಸನ್ ತಡೆದರು.

ಪತ್ರ ಸಿಗದವರಲ್ಲಿ ವಿಲಿಯಂ ಮಾರ್ಬರಿ ಒಬ್ಬರು. 1801ರ ಡಿಸೆಂಬರಿನಲ್ಲಿ ಅವರು ಇನ್ನು ಮೂವರೊಡನೆ ನೇರವಾಗಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಹೊಸ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಮ್ಯಾಡಿಸನ್ ಅವರಿಗೆ ಪರಮಾದೇಶ, ಅಂದರೆ ಮ್ಯಾಂಡಮಸ್ ರಿಟ್, ಹೊರಡಿಸಬೇಕೆಂಬುದು ಅವರ ಕೋರಿಕೆ. ಅಂತಹ ಆದೇಶ ನೀಡುವ ಅಧಿಕಾರವನ್ನು 1789ರ ನ್ಯಾಯಾಂಗ ಕಾಯಿದೆಯ 13ನೆಯ ಪ್ರಕರಣ ಕೊಟ್ಟಿದೆಯೆಂದು ಅವರು ವಾದಿಸಿದರು.

ಮಾರ್ಷಲ್ ಅವರ ಇಕ್ಕಟ್ಟನ್ನು ಊಹಿಸಿಕೊಳ್ಳಿ. ಆದೇಶ ಕೊಟ್ಟರೆ ಹೊಸ ಸರ್ಕಾರ ಅದನ್ನು ಲೆಕ್ಕಿಸದೇ ಇರಬಹುದು. ಆಗ ನ್ಯಾಯಾಲಯದ ದೌರ್ಬಲ್ಯ ಬಯಲಾಗುತ್ತದೆ. ಕೊಡದಿದ್ದರೆ ಹೆದರಿದರೆಂಬ ಅಪವಾದ. ಜೆಫರ್‌ಸನ್ ಪಕ್ಷದ ಕಾಂಗ್ರೆಸ್ಸು 1802ರ ಅಧಿವೇಶನವನ್ನೇ ರದ್ದುಗೊಳಿಸಿದ್ದರಿಂದ ವಿಚಾರಣೆ 1803ರವರೆಗೆ ಮುಂದೆ ಹೋಯಿತು. ಆ ಕಾಲದಲ್ಲಿ ನ್ಯಾಯಾಲಯಕ್ಕೆ ಸ್ವಂತ ಕಟ್ಟಡವೂ ಇರಲಿಲ್ಲ.

1803ರ ಫೆಬ್ರವರಿ 24ರಂದು ಒಮ್ಮತದ ತೀರ್ಪು ಬಂತು. ಮಾರ್ಷಲ್ ಮೂರು ಪ್ರಶ್ನೆಗಳನ್ನು ಹಾಕಿಕೊಂಡರು. ಮಾರ್ಬರಿಗೆ ಹಕ್ಕಿದೆಯೇ? ಇದೆ, ಸಹಿ ಮತ್ತು ಮೊಹರು ಬಿದ್ದಾಗಲೇ ನೇಮಕ ಪೂರ್ಣವಾಯಿತು. ಕಾನೂನಿನಲ್ಲಿ ಪರಿಹಾರವಿದೆಯೇ? ಇದೆ. ಅದನ್ನು ಈ ನ್ಯಾಯಾಲಯ ನೀಡಬಹುದೇ? ಇಲ್ಲ! ಯಾವ ಮೊಕದ್ದಮೆಗಳು ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಬರಬಹುದೆಂದು ಸಂವಿಧಾನದ 3ನೆಯ ವಿಧಿ ಹೇಳಿದೆ. ಮಾರ್ಬರಿಯ ದೂರು ಆ ಪಟ್ಟಿಯಲ್ಲಿಲ್ಲ. 13ನೆಯ ಪ್ರಕರಣ ಆ ಪಟ್ಟಿಯನ್ನು ಹಿಗ್ಗಿಸಿದೆ. ಸಾಮಾನ್ಯ ಕಾಯಿದೆಯಿಂದ ಸಂವಿಧಾನವನ್ನು ಮೀರಲಾಗದು. ಆದ್ದರಿಂದ ಆ ಪ್ರಕರಣವೇ ಅಸಿಂಧು.

ಇಲ್ಲಿನ ಜಾಣ್ಮೆಯನ್ನು ಗಮನಿಸಿ. ನ್ಯಾಯಾಲಯ ಆದೇಶ ಹೊರಡಿಸುವ ಒಂದು ಚಿಕ್ಕ ಅಧಿಕಾರವನ್ನು ಬಿಟ್ಟುಕೊಟ್ಟು, ಕಾಂಗ್ರೆಸ್ಸಿನ ಕಾಯಿದೆಯನ್ನು ಅಸಿಂಧುಗೊಳಿಸುವ ದೊಡ್ಡ ಅಧಿಕಾರವನ್ನು ಸ್ಥಾಪಿಸಿಕೊಂಡಿತು. ಉಲ್ಲಂಘಿಸಲು ಆದೇಶವೇ ಇಲ್ಲದ್ದರಿಂದ ಜೆಫರ್‌ಸನ್ ಏನೂ ಮಾಡುವಂತಿರಲಿಲ್ಲ. ಪಾಪ, ಮಾರ್ಬರಿಗೆ ಆ ಹುದ್ದೆ ದೊರೆಯಲೇ ಇಲ್ಲ. ನ್ಯಾಯಿಕ ಪುನರ್ವಿಮರ್ಶೆ ಎಂದು ನಾವು ಕರೆಯುವ ಈ ಅಧಿಕಾರವನ್ನು ಅಮೆರಿಕದ ಸಂವಿಧಾನ ಸ್ಪಷ್ಟ ಮಾತುಗಳಲ್ಲಿ ಎಲ್ಲಿಯೂ ಹೇಳಿಲ್ಲ. ಮೀರಬಹುದಾದ ಮಿತಿಗಳನ್ನು ಬರೆದಿಟ್ಟು ಏನು ಪ್ರಯೋಜನ ಎಂಬುದೇ ಮಾರ್ಷಲ್ ವಾದದ ತಿರುಳು.

ಈ ಅಸ್ತ್ರ ಸದಾ ನ್ಯಾಯದ ಪರವಾಗಿಯೇ ಇತ್ತೆಂದು ಭಾವಿಸಬೇಡಿ. ಸರ್ವೋಚ್ಚ ನ್ಯಾಯಾಲಯ ಎರಡನೆಯ ಬಾರಿ ಕಾಂಗ್ರೆಸ್ಸಿನ ಕಾಯಿದೆಯನ್ನು ತಳ್ಳಿಹಾಕಿದ್ದು 1857ರ ಡ್ರೆಡ್ ಸ್ಕಾಟ್ ಮೊಕದ್ದಮೆಯಲ್ಲಿ. ಗುಲಾಮರ ವಂಶದ ಕಪ್ಪು ಜನರು ಅಮೆರಿಕದ ಪ್ರಜೆಗಳಾಗಲಾರರೆಂದು ಅದು ಸಾರಿತು. ಆ ಕಳಂಕ ತೊಳೆಯಲು ಒಂದು ಅಂತರ್ಯುದ್ಧವೂ ಸಂವಿಧಾನದ 13 ಮತ್ತು 14ನೆಯ ತಿದ್ದುಪಡಿಗಳೂ ಬೇಕಾದವು. ಇನ್ನೊಂದು ಮುಖವೂ ಇದೆ. 1974ರ ಜುಲೈನಲ್ಲಿ ವಾಟರ್‌ಗೇಟ್ ಹಗರಣದ ಧ್ವನಿಸುರುಳಿಗಳನ್ನು ಒಪ್ಪಿಸುವಂತೆ ಅಧ್ಯಕ್ಷ ನಿಕ್ಸನ್ ಅವರಿಗೆ ಅದೇ ನ್ಯಾಯಾಲಯ ಮಾರ್ಬರಿ ತೀರ್ಪನ್ನು ಉಲ್ಲೇಖಿಸಿ ಆದೇಶಿಸಿತು. ನಿಕ್ಸನ್ ಒಪ್ಪಿಸಿದರು, ಆಗಸ್ಟ್ 9ರಂದು ಹುದ್ದೆ ತೊರೆದರು. ಅದಕ್ಕಾಗಿ ಯಾವ ಸೈನಿಕನೂ ಬರಬೇಕಾಗಲಿಲ್ಲ.

ನಮ್ಮ ಸಂವಿಧಾನ ನಿರ್ಮಾಪಕರು ಈ ವಿಷಯವನ್ನು ಊಹೆಗೆ ಬಿಡಲಿಲ್ಲ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಕಾನೂನು ಅಸಿಂಧುವೆಂದು 13ನೆಯ ವಿಧಿಯಲ್ಲೇ ಬರೆದರು. ಆ ಹಕ್ಕುಗಳ ರಕ್ಷಣೆಗಾಗಿ ನೇರವಾಗಿ ಸರ್ವೋಚ್ಚ ನ್ಯಾಯಾಲಯದಲ್ಲಿ ಪರಮಾದೇಶ ಕೇಳಲು 32ನೆಯ ವಿಧಿ ಅವಕಾಶ ನೀಡಿತು. 1973ರಲ್ಲಿ ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯಲ್ಲಿ ನಮ್ಮ ನ್ಯಾಯಾಲಯ ಇನ್ನೂ ಮುಂದೆ ಹೋಗಿ, ತಿದ್ದುಪಡಿಗಳೂ ಸಂವಿಧಾನದ ಮೂಲ ರಚನೆಯನ್ನು ಕೆಡಿಸಲಾಗದೆಂದಿತು.

ಪರೀಕ್ಷೆಗಾಗಿ ನೀವು 1803 ಎಂಬ ಇಸವಿಯನ್ನು ನೆನಪಿಡುತ್ತೀರಿ. ಅದರ ಜೊತೆಗೆ 1857ನ್ನೂ 1974ನ್ನೂ ನೆನಪಿಡಿ. ಖಡ್ಗವೂ ಖಜಾನೆಯೂ ಇಲ್ಲದ ನ್ಯಾಯಾಲಯ ಜನರ ನಂಬಿಕೆಯ ಮೇಲೆ ನಿಂತಿದೆ. ಆ ನಂಬಿಕೆಯನ್ನು ಗಳಿಸುವ ಕೆಲಸ ನ್ಯಾಯಾಧೀಶರದು. ತೀರ್ಪು ಯಾವಾಗ ನ್ಯಾಯವಾಗಿದೆ, ಯಾವಾಗ ಇಲ್ಲ ಎಂದು ಅಳೆದು ನೋಡುವ ಕೆಲಸ ಪ್ರಜೆಗಳಾದ ನಮ್ಮದು.