ಡಿಗ್ರಿಯಲ್ಲಿ ಮಾರ್ಕು ಕಡಿಮೆ ಇದ್ದರೆ ಎಲ್‌ಎಲ್‌ಬಿ ಸಿಗುವುದಿಲ್ಲವೇ?

ನಮ್ಮ ಅಂಗಡಿಗೆ ಬರುತ್ತಿದ್ದ ಒಬ್ಬ ಹುಡುಗ ಬಿ.ಕಾಂ. ಮುಗಿಸಿದ್ದ. ಶೇ. 47 ಬಂದಿತ್ತು. ವಕೀಲನಾಗಬೇಕು ಅಂತ ಅವನಿಗೆ ಆಸೆ. "ಇಷ್ಟು ಮಾರ್ಕಿಗೆ ಲಾ ಎಲ್ಲಿ ಸಿಗುತ್ತದೆ?" ಅಂತ ಯಾರೋ ಹೇಳಿದ್ದನ್ನೇ ನಂಬಿ ಅರ್ಜಿಯೇ ಹಾಕಲಿಲ್ಲ, ಗಲ್ಫಿಗೆ ಹೋದ. ಅಲ್ಲಿ ದುಡಿಯುವುದು ತಪ್ಪಲ್ಲ. ಆದರೆ ಅವನಿಗೆ ಹೇಳಿದ ಮಾತು ತಪ್ಪು. ಪದವಿ ಮುಗಿಸಿದವರು ಸೇರುವ ಮೂರು ವರ್ಷದ ಎಲ್‌ಎಲ್‌ಬಿ ಬಗ್ಗೆ ನಮ್ಮ ಊರಿನಲ್ಲಿ ಇಂಥ ತಪ್ಪು ಮಾತು ಬಹಳ ಓಡಾಡುತ್ತದೆ.

ನಿಯಮ ಹೀಗಿದೆ. ಕಾನೂನು ಶಿಕ್ಷಣಕ್ಕೆ ಸಂಬಂಧಿಸಿದ ಬಾರ್ ಕೌನ್ಸಿಲ್ ಆಫ್ ಇಂಡಿಯಾದ 2008ರ ನಿಯಮಗಳ ಪ್ರಕಾರ ಸಾಮಾನ್ಯ ವರ್ಗಕ್ಕೆ ಪದವಿಯಲ್ಲಿ ಕನಿಷ್ಠ ಶೇ. 45, ಪರಿಶಿಷ್ಟ ಜಾತಿ-ಪಂಗಡಕ್ಕೆ ಶೇ. 40 ಬೇಕು. ಕೇರಳದಲ್ಲಿ ಎಸ್‌ಇಬಿಸಿ ಪಟ್ಟಿಯಲ್ಲಿರುವವರಿಗೆ ಶೇ. 42 ಸಾಕು. ಅಲ್ಲಿ ಮುಸ್ಲಿಮರು ಈ ಪಟ್ಟಿಯಲ್ಲಿದ್ದಾರೆ. ಆದರೆ ನಾನ್ ಕ್ರೀಮಿಲೇಯರ್ ಸರ್ಟಿಫಿಕೇಟ್ ಇಲ್ಲದಿದ್ದರೆ ಈ ರಿಯಾಯಿತಿ ಸಿಗುವುದಿಲ್ಲ. ಅರ್ಜಿ ಕರೆದ ಮೇಲೆ ವಿಲೇಜ್ ಆಫೀಸಿಗೆ ಓಡಿದರೆ ಕೊನೆಯ ದಿನ ದಾಟಿಯೇ ಹೋಗಬಹುದು. ಮೊದಲೇ ಮಾಡಿಸಿಡಿ.

ಮಾರ್ಕ್ಸ್ ಕಾರ್ಡಿನಲ್ಲಿ ಸಿಜಿಪಿಎ ಮಾತ್ರ ಇದ್ದರೆ? ಅದನ್ನು ಶೇಕಡಾ ಮಾಡುವ ಲೆಕ್ಕ ಒಂದೊಂದು ವಿಶ್ವವಿದ್ಯಾನಿಲಯದಲ್ಲಿ ಒಂದೊಂದು ರೀತಿ. ಮೊಬೈಲಿನಲ್ಲಿ ಹತ್ತರಿಂದ ಗುಣಿಸಿ 'ನನಗೆ ಪಾಸ್' ಅಂತ ಕೂರಬೇಡಿ. ಹಾಗೆ ಮಾಡಿ 'ನನಗೆ ಆಗುವುದಿಲ್ಲ' ಅಂತ ಬಿಡಲೂಬೇಡಿ. ಡಿಗ್ರಿ ಕೊಟ್ಟ ವಿ.ವಿ.ಯಿಂದಲೇ ಕನ್ವರ್ಷನ್ ಸರ್ಟಿಫಿಕೇಟ್ ತೆಗೆದುಕೊಳ್ಳಿ. ಭಾಷಾ ವಿಷಯಗಳ ಮಾರ್ಕು ಒಟ್ಟು ಲೆಕ್ಕಕ್ಕೆ ಸೇರುತ್ತದೆಯೇ ಅಂತಲೂ ಕೇಳಿ. ನಾನೂ ಕಾಮರ್ಸಿನವನೇ, ಅಕೌಂಟೆನ್ಸಿ ಮುಳುಗಿಸಿದ್ದನ್ನು ನನಗೆ ಕನ್ನಡವೇ ಎತ್ತಿದ್ದು! ಇನ್ನೊಂದು ಮಾತು: 44.8 ಅಂದರೆ 45 ಅಲ್ಲ. 'ರೌಂಡ್ ಮಾಡಿ ತೆಗೆದುಕೊಳ್ಳುತ್ತಾರೆ' ಎನ್ನುವ ಏಜೆಂಟರ ಮಾತಿಗೆ ದುಡ್ಡು ಕೊಡಬೇಡಿ.

ಕನಿಷ್ಠ ಗೆರೆ ದಾಟಿದರೆ ಅರ್ಜಿ ಹಾಕುವ ಹಕ್ಕು ಬಂತು, ಸೀಟು ಬಂದಂತಲ್ಲ. ಸೀಟು ಹೇಗೆ ಹಂಚುತ್ತಾರೆ ಎಂಬುದೇ ಕಡಿಮೆ ಮಾರ್ಕಿನವರು ಮೊದಲು ನೋಡಬೇಕಾದದ್ದು. ಕರ್ನಾಟಕದಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ ಸಾಮಾನ್ಯ ಪ್ರವೇಶ ಪರೀಕ್ಷೆ ಇಲ್ಲ. ಹುಬ್ಬಳ್ಳಿಯ ಕಾನೂನು ವಿ.ವಿ.ಗೆ ಸೇರಿದ ಮಂಗಳೂರು, ಉಡುಪಿ, ಪುತ್ತೂರಿನ ಕಾಲೇಜುಗಳಿಗೇ ನೇರ ಅರ್ಜಿ ಹಾಕಬೇಕು. ಅಲ್ಲಿ ಡಿಗ್ರಿ ಮಾರ್ಕೇ ಮುಖ್ಯ, ಹಾಗಾಗಿ ಒಂದೇ ಕಾಲೇಜು ಅಂತ ಕೂರದೆ ಮೂರು ನಾಲ್ಕು ಕಡೆ ಹಾಕಿ. ಕೇರಳದಲ್ಲಿ ಎಂಟ್ರೆನ್ಸ್ ಕಮಿಷನರ್ ನಡೆಸುವ ಪರೀಕ್ಷೆ ಇದೆ. ರ‍್ಯಾಂಕ್ ಬರುವುದು ಆ ಪರೀಕ್ಷೆಯ ಅಂಕದಿಂದ. ಅಂದರೆ ಡಿಗ್ರಿಯಲ್ಲಿ 46 ತೆಗೆದವನೂ 86 ತೆಗೆದವಳೂ ಆ ದಿನ ಸಮ! ಕೋಝಿಕ್ಕೋಡ್, ತೃಶೂರು, ಎರ್ನಾಕುಳಂ, ತಿರುವನಂತಪುರದ ಸರಕಾರಿ ಲಾ ಕಾಲೇಜುಗಳ ಸೀಟು ಸಿಗುವುದು ಇದರ ಮೂಲಕವೇ. ಹತ್ತಿರದಲ್ಲಿ ಕಣ್ಣೂರು ವಿ.ವಿ.ಯ ಮಂಜೇಶ್ವರ ಕ್ಯಾಂಪಸ್ಸಿನಲ್ಲಿ ಕಾನೂನು ವಿಭಾಗ ಇದೆ, ಯಾವ ಕೋರ್ಸಿಗೆ ಅರ್ಜಿ ಕರೆದಿದ್ದಾರೆ ಅಂತ ಪ್ರತಿ ವರ್ಷ ಗಮನಿಸಿ.

ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ 2022ರಿಂದ ಮೂರು ವರ್ಷದ ಎಲ್‌ಎಲ್‌ಬಿ ಇದೆ. ದೇಶದ ಮೊದಲ ಸಾಲಿನ ಸಂಸ್ಥೆಯಾದರೂ ಅಲ್ಲಿ ಕೇಳುವುದು ಅದೇ ಶೇ. 45. ಆಮೇಲೆ ಅವರದೇ ಪರೀಕ್ಷೆ ಎನ್‌ಎಲ್‌ಎಸ್‌ಎಟಿ ಬರೆಯಬೇಕು. ಪರೀಕ್ಷೆ ಕಷ್ಟ, ಇಂಗ್ಲಿಷ್ ಓದು ಗಟ್ಟಿ ಇರಬೇಕು. ದಿಲ್ಲಿ ವಿ.ವಿ. ಮಾತ್ರ ಸಾಮಾನ್ಯ ವರ್ಗಕ್ಕೆ ಶೇ. 50 ಕೇಳುತ್ತದೆ. ಆದರೆ ಅಲ್ಲಿ ಪದವಿ ಇಲ್ಲವೇ ಸ್ನಾತಕೋತ್ತರ ಪದವಿ, ಎರಡರಲ್ಲಿ ಒಂದರಲ್ಲಿ ಅಷ್ಟು ಇದ್ದರೂ ನಡೆಯುತ್ತದೆ. ಬಿ.ಕಾಂ.ನಲ್ಲಿ ಸೋತು ಎಂ.ಕಾಂ.ನಲ್ಲಿ ಚೆನ್ನಾಗಿ ಮಾಡಿದವರಿಗೆ ಇದು ದಾರಿ.

ಗೆರೆಗಿಂತ ಕೆಳಗಿದ್ದವರು ಮರುಮೌಲ್ಯಮಾಪನಕ್ಕೆ, ಇಂಪ್ರೂವ್‌ಮೆಂಟ್ ಪರೀಕ್ಷೆಗೆ ಅವಕಾಶ ಇದೆಯೇ ಅಂತ ತಮ್ಮ ವಿ.ವಿ.ಯಲ್ಲಿ ವಿಚಾರಿಸಬೇಕು. ಎರಡು ಮಾರ್ಕಿನ ಅಂತರಕ್ಕೆ ಇದೇ ಸಾಕಾಗಬಹುದು.

ಮಾರ್ಕಿಗಿಂತ ದೊಡ್ಡ ತೊಡಕು ಬೇರೆ ಇದೆ. ಪಿಯುಸಿ ಅಥವಾ ಪ್ಲಸ್ ಟು ಇಲ್ಲದೆ ಮುಕ್ತ ವಿ.ವಿ.ಯಲ್ಲಿ ನೇರವಾಗಿ ಡಿಗ್ರಿ ಮಾಡಿದವರು ಎಷ್ಟೇ ಮಾರ್ಕು ತೆಗೆದರೂ ಎಲ್‌ಎಲ್‌ಬಿಗೆ ಅರ್ಹರಲ್ಲ. ದರ್ಸ್‌ನಲ್ಲಿ ಓದುತ್ತಾ ಡಿಗ್ರಿ ಮಾಡಿಕೊಂಡವರು ಇದನ್ನು ಮೊದಲು ನೋಡಿಕೊಳ್ಳಲಿ. ಅಂಚೆ ಮೂಲಕ ಎಲ್‌ಎಲ್‌ಬಿ ಇಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮಗಳು ಕ್ಲಾಸಿನಲ್ಲಿ ಶೇ. 70 ಹಾಜರಿ ಕೇಳುತ್ತವೆ. ಅಂಗಡಿ ನೋಡಿಕೊಂಡು ಓದುತ್ತೇನೆ ಅನ್ನುವವರು ಈ ಲೆಕ್ಕ ಮಾಡಿಯೇ ಇಳಿಯಬೇಕು. ವಯಸ್ಸಿನ ಚಿಂತೆ ಬೇಡ, ವಯೋಮಿತಿ ಹಾಕಿದ್ದ ಬಾರ್ ಕೌನ್ಸಿಲ್ ಸುತ್ತೋಲೆಗೆ ಸುಪ್ರೀಂ ಕೋರ್ಟ್ 2017ರಲ್ಲಿ ತಡೆ ಕೊಟ್ಟಿದೆ. ಮದುವೆಯಾಗಿ ಓದು ನಿಂತ ನಮ್ಮ ಹೆಣ್ಣುಮಕ್ಕಳೂ ಇದನ್ನು ತಿಳಿದಿರಲಿ.

ಗಡಿಯವರಿಗೆ ಒಂದು ಕಾಗದ ಹೆಚ್ಚು. ಮಂಗಳೂರು ವಿ.ವಿ. ಡಿಗ್ರಿ ಹಿಡಿದು ಕೇರಳಕ್ಕೆ ಹೋದರೂ ಕಣ್ಣೂರು ಡಿಗ್ರಿ ಹಿಡಿದು ಕರ್ನಾಟಕಕ್ಕೆ ಬಂದರೂ ಅರ್ಹತಾ ಪತ್ರ ಕೇಳಬಹುದು. ಆದರೆ ಲಾ ಎಲ್ಲಿ ಓದಿದರೂ ವಕೀಲಿಗೆ ಗಡಿ ಇಲ್ಲ. 1961ರ ವಕೀಲರ ಕಾಯ್ದೆಯ 30ನೇ ಸೆಕ್ಷನ್ 2011ರಲ್ಲಿ ಜಾರಿಗೆ ಬಂದ ಮೇಲೆ ಒಂದು ರಾಜ್ಯದಲ್ಲಿ ನೋಂದಾಯಿಸಿದವರು ದೇಶದ ಯಾವ ಕೋರ್ಟಿನಲ್ಲೂ ವಾದಿಸಬಹುದು. 1956ರವರೆಗೆ ಕಾಸರಗೋಡು ದಕ್ಷಿಣ ಕನ್ನಡಕ್ಕೇ ಸೇರಿತ್ತು, ಅಜ್ಜಂದಿರ ಕಾಲದ ಜಾಗದ ದಸ್ತಾವೇಜುಗಳು ಕನ್ನಡದಲ್ಲಿವೆ. ಅದನ್ನು ಓದಿ, ಬ್ಯಾರಿಯಲ್ಲಿ ಮಾತಾಡಿ, ಮಲಯಾಳಂನಲ್ಲಿ ಬರೆದುಕೊಡುವ ವಕೀಲರನ್ನು ನಮ್ಮ ಉಮ್ಮಂದಿರು ಹುಡುಕುತ್ತಲೇ ಇದ್ದಾರೆ.

ಕೋರ್ಸ್ ಮುಗಿದ ಮೇಲೆ ಸನ್ನದು ಪಡೆಯುವಾಗ ನಿಮ್ಮ ಬಿ.ಕಾಂ.ಗೆ ಎಷ್ಟು ಬಂತು ಅಂತ ರ‍್ಯಾಂಕ್ ಮಾಡುವುದಿಲ್ಲ. ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು, ಅಷ್ಟೆ. ನೋಂದಣಿಗೆ ಸಾಮಾನ್ಯ ವರ್ಗದಿಂದ 750 ರೂ., ಪರಿಶಿಷ್ಟರಿಂದ 125 ರೂ.ಗಿಂತ ಹೆಚ್ಚು ತೆಗೆದುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈಯಲ್ಲಿ ಹೇಳಿದೆ.