ಬೀಳ್ತಾ ಇದ್ರೆ ಭಾರ ಎಲ್ಲಿ ಹೋಗುತ್ತೆ? (ಭಾಗ 3)

ಬಾಹ್ಯಾಕಾಶದಲ್ಲಿ ಗುರುತ್ವ ಇರಲ್ಲ, ಅದಕ್ಕೇ ಗಗನಯಾತ್ರಿಗಳು ತೇಲ್ತಾರೆ ಅಂತ ನಿಮಗೂ ಯಾರಾದ್ರೂ ಹೇಳಿರ್ತಾರೆ. ನಂಬಬೇಡಿ. ಸುಮಾರು 400 ಕಿ.ಮೀ. ಎತ್ತರದಲ್ಲಿರೋ ಬಾಹ್ಯಾಕಾಶ ನಿಲ್ದಾಣದಲ್ಲೂ ಇಲ್ಲಿನ ಗುರುತ್ವದ ಹೆಚ್ಚುಕಮ್ಮಿ 90% ಇದೆ! ಮತ್ತೆ ತೇಲೋದು ಹೇಗೆ? ಇದರ ಉತ್ತರ ರಾಕೆಟ್‌ಗಿಂತ ತುಂಬಾ ಹಳೇದು. (ಸೈನ್ಸ್‌ನವರು ಮಾತ್ರ ಓದ್ಬೇಕು ಅಂತಿಲ್ಲ, ನಾನೂ ಬಿಕಾಂ.)

1638. ಗೆಲಿಲಿಯೋಗೆ 74 ವರ್ಷ. ಭೂಮಿ ಸೂರ್ಯನನ್ನ ಸುತ್ತುತ್ತೆ ಅನ್ನೋ ವಾದಕ್ಕೆ ಚರ್ಚ್ 1633ರಲ್ಲೇ ಶಿಕ್ಷೆ ಕೊಟ್ಟಿತ್ತು. ಫ್ಲಾರೆನ್ಸ್ ಪಕ್ಕದ ಮನೆಯಲ್ಲಿ ಗೃಹಬಂಧನ. ಎರಡೂ ಕಣ್ಣು ಹೋಗಿದ್ದವು. ಅವನ ಕೊನೆಯ ದೊಡ್ಡ ಪುಸ್ತಕ ಇಟಲಿಯಲ್ಲಿ ಅಚ್ಚಾಗೋ ಹಾಗಿರಲಿಲ್ಲ, ಹಾಲೆಂಡಿನ ಲೈಡನ್‌ನಲ್ಲಿ ಅಚ್ಚಾಯ್ತು. ಅದರೊಳಗೆ ಒಂದು ಪ್ರಶ್ನೆ ಇದೆ: ಹೆಗಲ ಮೇಲಿನ ಹೊರೆ ನಮ್ಮನ್ನ ಒತ್ತೋದು ಯಾವಾಗ? ಅದು ಬೀಳದ ಹಾಗೆ ನಾವು ತಡೆದಾಗ. ಹೊರೆಯಷ್ಟೇ ವೇಗವಾಗಿ ನಾವೂ ಬೀಳ್ತಿದ್ರೆ ಹೇಗೆ ಒತ್ತುತ್ತೆ? ನಮ್ಮಷ್ಟೇ ವೇಗವಾಗಿ ಮುಂದೆ ಓಡ್ತಿರೋನಿಗೆ ಈಟಿಯಿಂದ ತಿವಿಯೋಕೆ ಆಗುತ್ತಾ ಅಂತ ಕೇಳ್ತಾನೆ. ಕಣ್ಣಿಲ್ಲದ, ಮನೆ ಬಿಟ್ಟು ಹೋಗೋ ಹಾಗಿಲ್ಲದ ಮುದುಕನ ಪುಸ್ತಕ ಕಣ್ರೀ ಇದು.

ನಿಮ್ಮ ಕಾಲೇಜು ಬ್ಯಾಗನ್ನೇ ತಗೊಳ್ಳಿ. ಭೂಮಿ ಎಳೆಯೋದು ನಿಮಗೆ ಗೊತ್ತಾಗಲ್ಲ. ಗೊತ್ತಾಗೋದು ಭುಜ ತಡೆಯೋದು.

ಆಮೇಲೆ ನ್ಯೂಟನ್. ಎತ್ತರದ ಬೆಟ್ಟದಿಂದ ಫಿರಂಗಿ ಗುಂಡನ್ನ ಸಾಕಷ್ಟು ವೇಗವಾಗಿ ಹಾರಿಸಿದ್ರೆ ಅದು ಬೀಳ್ತಾ ಬೀಳ್ತಾನೇ ಭೂಮಿಯನ್ನ ಸುತ್ತುತ್ತೆ ಅಂದ. ನಿಲ್ದಾಣ ಮಾಡೋದೂ ಅದನ್ನೇ: ಒಂದು ಸೆಕೆಂಡಿಗೆ 7.6 ಕಿ.ಮೀ.ಗಿಂತ ಹೆಚ್ಚು ಮುಂದೆ, ಸುಮಾರು 4.3 ಮೀಟರ್ ಕೆಳಗೆ. ಅಷ್ಟರಲ್ಲಿ ಭೂಮಿಯೂ ಅಷ್ಟೇ ಬಾಗಿರುತ್ತೆ, ಹಾಗಾಗಿ ನೆಲ ಸಿಗೋದೇ ಇಲ್ಲ.

1907ರಲ್ಲಿ ಬರ್ನ್ ಪೇಟೆಂಟ್ ಕಚೇರಿಯ ಕುರ್ಚಿಯಲ್ಲಿ ಕೂತಿದ್ದ 28ರ ಐನ್‌ಸ್ಟೈನ್‌ಗೆ ಹೊಳೆದದ್ದು: ಬೀಳ್ತಿರೋ ಮನುಷ್ಯನಿಗೆ ತನ್ನ ಭಾರವೇ ಗೊತ್ತಾಗಲ್ಲ. ಬದುಕಿನ ಅತ್ಯಂತ ಖುಷಿಯ ಯೋಚನೆ ಇದೇ ಅಂತ ಮುಂದೆ ಬರೆದುಕೊಂಡ. ಅದನ್ನ ಹಿಡಿದು ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತಕ್ಕೆ ಬರೋಕೆ 1915 ಆಯ್ತು.

ನಮ್ಮ ಧಾರವಾಡಕ್ಕೂ ಇದರಲ್ಲಿ ಪಾಲಿದೆ. 2025ರಲ್ಲಿ ಶುಭಾಂಶು ಶುಕ್ಲಾ ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತ್ಯದ ಪ್ರಯೋಗ ಅಲ್ಲಿನ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯದು. ಕಾಳು, ನೀರು, ಶುಕ್ಲಾ, ನಿಲ್ದಾಣ ಎಲ್ಲಾ ಒಟ್ಟಿಗೆ ಬೀಳ್ತಾನೇ ಇದ್ವು, ಯಾವುದೂ ಯಾವುದನ್ನೂ ಒತ್ತದೆ.