ಸಂತಾನ ನಿಯಂತ್ರಣದ ವೆಚ್ಚವೂ ಉದ್ಯೋಗದಾತನ ಹೊಣೆಯೂ

ದುಡಿಯುವ ಹೆಂಗಸಿನ ಸಂತಾನ ನಿಯಂತ್ರಣದ ಔಷಧಿಗೆ ಆಕೆಯ ಉದ್ಯೋಗದಾತನು ಹಣ ತೆರಬೇಕೇ ಎಂಬ ಪ್ರಶ್ನೆಯನ್ನು ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯಾಯಾಲಯಗಳು ವರುಷಗಟ್ಟಲೆ ವಿಚಾರಿಸುತ್ತ ಬಂದಿರುವುದನ್ನು ಕೇಳಿದಾಗ, ಇಂಥ ಸಂಸಾರದ ಸಂಗತಿಯಲ್ಲಿ ಧಣಿಗೇನು ಕೆಲಸವೆಂದು ನಮ್ಮವರಿಗೆ ವಿಸ್ಮಯವಾಗುವುದು ಸಹಜ. ಆ ದೇಶದಲ್ಲಿ ಬಹುಜನರ ಆರೋಗ್ಯ ವಿಮೆಯು ಅವರವರ ಉದ್ಯೋಗಕ್ಕೆ ಅಂಟಿಕೊಂಡಿರುವುದೇ ಇದಕ್ಕೆ ಕಾರಣ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1942ರ ಶಾಸನವು ಸಂಬಳಗಳ ಏರಿಕೆಗೆ ಕಟ್ಟುಹಾಕಿ, ವಿಮೆ ಮೊದಲಾದ ಸೌಲಭ್ಯಗಳನ್ನು ಆ ಕಟ್ಟಿನಿಂದ ಹೊರಗಿರಿಸಿದುದರಿಂದ, ಆಳುಗಳ ಅಭಾವದಿಂದ ಕಂಗೆಟ್ಟಿದ್ದ ಕಾರ್ಖಾನೆಗಳು ಹೆಚ್ಚಿನ ಸಂಬಳಕ್ಕೆ ಬದಲಾಗಿ ವಿಮೆಯನ್ನಿತ್ತು ಕೆಲಸಗಾರರನ್ನು ಸೆಳೆದುಕೊಂಡವು. 1954ರ ತೆರಿಗೆಯ ಸಂಹಿತೆಯು, ಉದ್ಯೋಗದಾತನು ಕಟ್ಟುವ ಆ ಕಂತನ್ನು ಕೆಲಸಗಾರನ ಆದಾಯದಲ್ಲಿ ಲೆಕ್ಕಹಿಡಿಯಕೂಡದೆಂದು ವಿಧಿಸಿ ಪದ್ಧತಿಯನ್ನು ಭದ್ರಗೊಳಿಸಿತು. ಸಂಬಳವೇ ರೂಪಾಂತರ ಹೊಂದಿ ವಿಮೆಯಾಯಿತೆಂಬ ಈ ಇತಿಹಾಸವನ್ನು ಮರೆತರೆ ಮುಂದಿನ ವಾದಗಳಲ್ಲಿ ದಾರಿತಪ್ಪುವುದು ನಿಶ್ಚಯ.

ಗರ್ಭನಿರೋಧವಾದರೋ ಆ ಕಾಲಕ್ಕೆ ಇನ್ನೂ ಅಪರಾಧದ ನೆರಳಿನಿಂದ ಪೂರ್ತಿಯಾಗಿ ಹೊರಬಂದಿರಲಿಲ್ಲ. ಅದರ ಸಾಧನಗಳನ್ನೂ ಅದರ ತಿಳಿವಳಿಕೆಯನ್ನೂ ಅಶ್ಲೀಲವೆಂದು ಬಗೆದು ಅಂಚೆಯಲ್ಲಿ ಕಳುಹಿಸುವುದನ್ನು ನಿಷೇಧಿಸಿದ್ದ 1873ರ ಕಾಮ್‌ಸ್ಟಾಕ್ ಶಾಸನದ ನಾಡಿನಲ್ಲಿ, 1916ರಲ್ಲಿ ಬ್ರೂಕ್ಲಿನ್‌ನಲ್ಲಿ ಚಿಕಿತ್ಸಾಲಯವನ್ನು ತೆರೆದ ಮಾರ್ಗರೆಟ್ ಸ್ಯಾಂಗರ್ ಕೆಲವೇ ದಿನಗಳಲ್ಲಿ ಬಂಧಿತಳಾದಳು. ನಮ್ಮ ಮೈಸೂರು ಸಂಸ್ಥಾನದ ಸರ್ಕಾರವು 1930ರಲ್ಲಿಯೇ ಸಂತಾನ ನಿಯಂತ್ರಣದ ಚಿಕಿತ್ಸಾಲಯಗಳಿಗೆ ಮಂಜೂರಾತಿಯಿತ್ತುದನ್ನು ಇಲ್ಲಿ ನೆನೆಯಬಹುದು. ಅಲ್ಲಿ ಪೊಲೀಸರು ಮುಚ್ಚಿಸಿದ ಬಾಗಿಲನ್ನು ಇಲ್ಲಿ ಸರ್ಕಾರವೇ ತೆರೆದುದು ಅಭಿಮಾನದ ಮಾತು. ಅಮೆರಿಕದಲ್ಲಿ ಗುಳಿಗೆಗೆ ಅನುಮೋದನೆ ದೊರೆತುದು 1960ರಲ್ಲಿ. ಕನೆಕ್ಟಿಕಟ್ ರಾಜ್ಯದ ನಿಷೇಧವನ್ನು ರದ್ದುಗೊಳಿಸಿ ದಂಪತಿಗಳ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿದುದು 1965ರ ಗ್ರಿಸ್‌ವೋಲ್ಡ್ ತೀರ್ಪಿನಲ್ಲಿ. ಅವಿವಾಹಿತರಿಗೆ ಅದು ವಿಸ್ತರಿಸಿದುದು 1972ರಲ್ಲಿ.

ಹಕ್ಕು ಕೈಗೂಡಿದ ಮೇಲೆ ಹಣದ ಪ್ರಶ್ನೆ ತಲೆಯೆತ್ತಿತು. ಬಸಿರನ್ನು ಕಾರ್ಮಿಕರ ಅಶಕ್ತತೆಯ ಯೋಜನೆಯಿಂದ ಹೊರಗಿಡುವುದು ಲಿಂಗಭೇದವಲ್ಲವೆಂದು ಜನರಲ್ ಎಲೆಕ್ಟ್ರಿಕ್ ಮೊಕದ್ದಮೆಯಲ್ಲಿ 1976ರಲ್ಲಿ ಬಂದ ತೀರ್ಪನ್ನು ಅಲ್ಲಿನ ಸಂಸತ್ತು ಎರಡೇ ವರುಷಗಳಲ್ಲಿ ಶಾಸನದಿಂದ ಅಳಿಸಿತು. 1998ರಲ್ಲಿ ಪುರುಷರ ವಯಾಗ್ರ ಗುಳಿಗೆ ಮಾರುಕಟ್ಟೆಗೆ ಬಂದು, ಅನೇಕ ವಿಮಾ ಯೋಜನೆಗಳು ಅದರ ವೆಚ್ಚವನ್ನು ಬೇಗನೆ ಒಪ್ಪಿಕೊಂಡಾಗ, ದಶಕಗಳಿಂದ ತಮ್ಮ ಗುಳಿಗೆಗೆ ತಾವೇ ಹಣ ತೆತ್ತಿದ್ದ ಹೆಂಗಸರಿಗೆ ಅನ್ಯಾಯದ ಸ್ವರೂಪ ಕಣ್ಣಿಗೆ ಕಟ್ಟಿತು. ಅದೇ ವರುಷ ಮೇರಿಲೆಂಡ್ ರಾಜ್ಯವು ಸಮಾನ ಸೌಲಭ್ಯದ ಕಾನೂನನ್ನು ರಚಿಸಿ ಉಳಿದ ರಾಜ್ಯಗಳಿಗೆ ಮೇಲ್ಪಂಕ್ತಿಯಾಯಿತು. ಇತರ ಔಷಧಿಗಳಿಗೆ ವಿಮೆಯಿತ್ತು ಗರ್ಭನಿರೋಧಕಕ್ಕೆ ಮಾತ್ರ ನಿರಾಕರಿಸುವುದು ತಾರತಮ್ಯವೆಂದು 2001ರಲ್ಲಿ ಸಿಯಾಟಲ್‌ನ ಫೆಡರಲ್ ನ್ಯಾಯಾಲಯವು ಬಾರ್ಟೆಲ್ ಔಷಧಿ ಅಂಗಡಿಗಳ ಮೊಕದ್ದಮೆಯಲ್ಲಿ ನಿರ್ಣಯಿಸಿದರೆ, 2007ರಲ್ಲಿ ಯೂನಿಯನ್ ಪೆಸಿಫಿಕ್ ರೈಲ್ವೆಯ ಮೊಕದ್ದಮೆಯಲ್ಲಿ ಮೇಲ್ಮನವಿ ನ್ಯಾಯಾಲಯವೊಂದು ಇದಕ್ಕೆ ವಿರುದ್ಧವಾಗಿ ನುಡಿಯಿತು.

ಈ ಗೊಂದಲಕ್ಕೆ ಉತ್ತರವಾಗಿ ಬಂದುದು ಒಬಾಮ ಸರ್ಕಾರದ 2010ರ ಆರೋಗ್ಯ ಶಾಸನ. ತಜ್ಞರ ಶಿಫಾರಸಿನ ಮೇರೆಗೆ, ಗರ್ಭನಿರೋಧಕಗಳನ್ನು ರೋಗಪ್ರತಿಬಂಧಕ ಸೇವೆಗಳ ಸಾಲಿಗೆ ಸೇರಿಸಿ, ಹೆಂಗಸಿನ ಕೈಯಿಂದ ಏನನ್ನೂ ವಸೂಲು ಮಾಡದೆ ವಿಮೆಯೇ ಅವುಗಳ ವೆಚ್ಚವನ್ನು ವಹಿಸತಕ್ಕದ್ದೆಂದು ನಿಯಮವಾಯಿತು. ಚರ್ಚುಗಳಿಗೆ ವಿನಾಯಿತಿ ದೊರೆಯಿತು. ಧಾರ್ಮಿಕ ಸೇವಾಸಂಸ್ಥೆಗಳು ತಮ್ಮ ಆಕ್ಷೇಪವನ್ನು ತಿಳಿಸಿದರೆ ವಿಮಾ ಕಂಪನಿಯೇ ನೇರವಾಗಿ ಕೊಡುವಂತೆ ಏರ್ಪಾಡಾಯಿತು. ಈ ಏರ್ಪಾಡನ್ನು ನಾನು ಇಡೀ ಚರಿತ್ರೆಯಲ್ಲಿ ಅತ್ಯಂತ ವಿವೇಕಯುತವಾದುದೆಂದು ಎಣಿಸುತ್ತೇನೆ. ಆದರೆ ಓಕ್ಲಹೋಮದ ಹಾಬಿ ಲಾಬಿ ಎಂಬ ಕರಕುಶಲ ಸಾಮಗ್ರಿಗಳ ವ್ಯಾಪಾರಸಂಸ್ಥೆ, ಹದಿಮೂರು ಸಾವಿರಕ್ಕೂ ಮಿಕ್ಕ ನೌಕರರನ್ನುಳ್ಳದ್ದು, ನಾಲ್ಕು ವಿಧಾನಗಳು ಭ್ರೂಣನಾಶಕ್ಕೆ ಸಮಾನವೆಂಬ ತನ್ನ ಒಡೆಯರ ನಂಬಿಕೆಯನ್ನು ಮುಂದಿಟ್ಟು ನ್ಯಾಯಾಲಯವನ್ನು ಹೊಕ್ಕಿತು. 1993ರ ಧಾರ್ಮಿಕ ಸ್ವಾತಂತ್ರ್ಯದ ಶಾಸನವು ಇಂಥ ಕೌಟುಂಬಿಕ ಒಡೆತನದ ಕಂಪನಿಗಳಿಗೂ ಅನ್ವಯಿಸುವುದೆಂದು 2014ರಲ್ಲಿ ಐವರು ನ್ಯಾಯಮೂರ್ತಿಗಳು ತೀರ್ಮಾನಿಸಿದರು, ನಾಲ್ವರು ಭಿನ್ನರಾದರು. ಗರ್ಭಕೋಶದೊಳಗೆ ಇರಿಸುವ ಸಾಧನದ ಬೆಲೆಯು ಕನಿಷ್ಠ ಕೂಲಿಯವಳ ಸುಮಾರು ಒಂದು ತಿಂಗಳ ಸಂಪಾದನೆಗೆ ಸಮವೆಂದು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್ ತಮ್ಮ ಭಿನ್ನ ತೀರ್ಪಿನಲ್ಲಿ ಎತ್ತಿ ತೋರಿಸಿದ್ದು, ಬಡವಳ ಮಟ್ಟಿಗೆ ಈ ವಿವಾದವು ಎಷ್ಟು ವಾಸ್ತವವಾದುದೆಂಬುದಕ್ಕೆ ಸಾಕ್ಷಿ. ಆಕ್ಷೇಪವನ್ನು ತಿಳಿಸುವುದೂ ಪಾಪದಲ್ಲಿ ಪಾಲ್ಗೊಂಡಂತೆಂದು ವೃದ್ಧರ ಶುಶ್ರೂಷೆಯಲ್ಲಿ ನಿರತರಾದ ಸಂನ್ಯಾಸಿನಿಯರ ಸಂಘವೊಂದು ಮುಂದೆ ವಾದಿಸಿತು. 2017ರ ಸರ್ಕಾರವು ವಿನಾಯಿತಿಯನ್ನು ವಿಸ್ತರಿಸಿತು. 2020ರಲ್ಲಿ ಸರ್ವೋಚ್ಚ ನ್ಯಾಯಾಲಯವು 7–2ರ ಬಹುಮತದಿಂದ ಅದಕ್ಕೆ ಸಮ್ಮತಿಯಿತ್ತಿತು. ಇದರಿಂದ 70,500ರಿಂದ 1,26,400 ಮಂದಿ ಹೆಂಗಸರು ಉಚಿತ ಸೌಲಭ್ಯವನ್ನು ಕಳೆದುಕೊಳ್ಳಬಹುದೆಂಬುದು ಆ ಸರ್ಕಾರದ್ದೇ ಅಂದಾಜಾಗಿತ್ತು.

ಅಂತಃಸಾಕ್ಷಿಯ ಮಾತನ್ನು ನಾನು ಲಘುವಾಗಿ ಕಾಣಲಾರೆ. ಸಂನ್ಯಾಸಿನಿಯರ ಶ್ರದ್ಧೆ ನಿಜವಾದುದು. ಅದನ್ನು ಗೌರವಿಸುವ ಉಪಾಯವನ್ನು ರಾಜ್ಯವು ಅರಸತಕ್ಕದ್ದೇ. ಆದರೆ ಕೊಟ್ಟ ಸಂಬಳದಿಂದ ನೌಕರಳು ಏನನ್ನು ಕೊಳ್ಳುತ್ತಾಳೆಂದು ವಿಚಾರಿಸುವ ಅಧಿಕಾರ ಯಾವ ಧಣಿಗೂ ಇಲ್ಲದಿರುವಾಗ, ಆ ಸಂಬಳದ ಒಂದಂಶವೇ ಆಗಿರುವ ವಿಮೆಯ ಮೇಲೆ ಮಾತ್ರ ಅಂಥ ಅಧಿಕಾರ ಎಲ್ಲಿಂದ ಬಂದೀತು? ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಉದ್ಯೋಗದ ವಿಮೆಯಲ್ಲಿ ಗರ್ಭನಿರೋಧಕದ ವೆಚ್ಚವು ಸೇರಿರಲೇಬೇಕು, ಆಕ್ಷೇಪವುಳ್ಳ ಸಂಸ್ಥೆಗೆ ವಿನಾಯಿತಿ ಕೊಡುವುದಾದರೆ, ಕೊಡುವ ಕ್ಷಣದಲ್ಲಿಯೇ ವಿಮಾ ಕಂಪನಿಯೋ ಸರ್ಕಾರವೋ ಆ ಹೊರೆಯನ್ನು ಹೊರಬೇಕು, ಅದನ್ನು ಹೆಂಗಸಿನ ತಲೆಯ ಮೇಲೆ ಹೇರಕೂಡದು.